ಹೊತ್ತವನನ್ನು ಕಳೆದು

ತಿಂಗಳಿಗೆ ಹದಿನೇಳೂವರೆ ಪೌಂಡು.
ಅದರಲ್ಲಿ ವರ್ಷದ ಲಸಿಕೆ, ಜಂತಿನ ಮಾತ್ರೆ,
ಚಿಗಟಕ್ಕೆಂದು ಕುತ್ತಿಗೆಯ ಹಿಂದೆ ಬಿಡುವ ಹನಿ,
ಉಗುರು ಕತ್ತರಿಸುವುದು, ಹಲ್ಲು ನೋಡುವುದು,
ಮೂರು ತಿಂಗಳಿಗೊಮ್ಮೆ ತೂಕ.
ರೋಗ ಬಂದರೆ ಅದರ ಲೆಕ್ಕ ಬೇರೆ.
ಊರು ಕೊಳ್ಳೆ ಹೋಗುವ ಮೊದಲೇ
ಕೋಟೆ ಬಾಗಿಲು ಹಾಕುವ ಕೆಲಸ ನಮ್ಮದು.

ಫ್ರೇಸರ್‌ಬರೋದ ಬಂದರಿನಲ್ಲಿ
ಮೀನು ಹರಾಜಿನ ಕಟ್ಟೆ ದಾಟಿದರೆ ನಮ್ಮ ಕ್ಲಿನಿಕ್ಕು.
ಗಾಳಿಗೆ ಬಾಗಿಲು ತಾನೇ ತೆರೆದುಕೊಂಡು
ಯಾರೂ ಬರದಿದ್ದರೂ ಗಂಟೆ ಬಾರಿಸುತ್ತದೆ.
ಎಲ್ಸ್‌ಪೆತ್ ಡಥಿಯವರ ಕೆಂಚು ಬೆಕ್ಕು ಪಾರ್ಟನ್
ಲಸಿಕೆಯ ದಿನ ಬೆಳಗಾಗುತ್ತಲೇ ಒಲೆಯ ಹಿಂದೆ ಸೇರುತ್ತದೆ;
ಅದಕ್ಕೆ ಕ್ಯಾಲೆಂಡರ್ ಓದಲು ಬರುತ್ತದೆ.

ವಾಟಿ ನೋಬಲ್ ಮಾತ್ರ ಒಂದು ದಿನ ತಪ್ಪಿಸಿದವರಲ್ಲ.
ಟ್ರಾಲರಿನ ಎಂಜಿನ್ ಕೋಣೆಯಲ್ಲಿ ಮೂವತ್ತೆಂಟು ವರ್ಷ,
ಎಣ್ಣೆ ಬದಲಿಸುವ ತಾರೀಖು ಮರೆತರೆ
ನಡುಗಡಲಲ್ಲಿ ಏನಾಗುತ್ತದೆಂದು ಬಲ್ಲವರು.

ಅವರ ನಾಯಿ ಸ್ಕೆರಿ: ಅರ್ಧ ಕಾಲಿ, ಇನ್ನರ್ಧ ದೇವರಿಗೇ ಗೊತ್ತು.
ತಕ್ಕಡಿಯ ಸ್ಟೀಲಿನ ಹಲಗೆ ಕಂಡರೆ
ನಾಲ್ಕು ಕಾಲನ್ನು ನಾಲ್ಕು ದಿಕ್ಕಿಗೆ ಚಾಚಿ ನಿಲ್ಲುತ್ತದೆ.
ಚೀಸು ತೋರಿಸಿದೆ, ಬೆನ್ನು ಸವರಿದೆ, ಬೈದೆ.
"ದೋಣಿ ಅಂದುಕೊಂಡಿದೆ," ಅಂದರು ವಾಟಿ.
"ಒಮ್ಮೆ ಕರೆದೊಯ್ದಿದ್ದೆ. ದಾರಿಯುದ್ದಕ್ಕೂ ವಾಂತಿ."
ಅಷ್ಟು ಹೇಳಿ ನಾಯಿಯನ್ನು ಎದೆಗವಚಿ
ತಾವೇ ಹಲಗೆ ಹತ್ತಿದರು.

ಲೆಕ್ಕ ಸುಲಭ:
ಮೊದಲು ಇಬ್ಬರು, ಆಮೇಲೆ ಒಬ್ಬರು.
ಹೊತ್ತವನನ್ನು ಕಳೆದರೆ ಉಳಿಯುವುದು ನಾಯಿ.
ತೊಂಬತ್ತೇಳು. ಎಂಬತ್ತಮೂರು. ಹದಿನಾಲ್ಕು.
ಹದಿನಾಲ್ಕನ್ನು ಕಂಪ್ಯೂಟರಿಗೆ ಹಾಕಿದೆ.
ಎಂಬತ್ತಮೂರು ಯಾರಿಗೆ ಬೇಕು?

ಅದು ಮಾರ್ಚ್.
ಜೂನಿನಲ್ಲೂ ಹದಿನಾಲ್ಕು, ಸೆಪ್ಟೆಂಬರಿನಲ್ಲೂ.
"ನೋಡಿದಿರಾ, ಗಡಿಯಾರದ ಹಾಗೆ!" ಅವರಿಗೆ ಹೆಮ್ಮೆ.
ನಾನೂ ಹೊಗಳಿದೆ. ಎದೆಬಡಿತ ಕೇಳಿದೆ, ಒಸಡು ಒತ್ತಿದೆ,
ಕಿವಿಯೊಳಗೆ ಬೆಳಕು ಬಿಟ್ಟು ಮೂಸಿಯೂ ನೋಡಿದೆ.
ಈ ಊರಿನಲ್ಲಿ ಇಷ್ಟು ಜೋಪಾನವಾದ ಜೀವ ಇನ್ನೊಂದಿಲ್ಲ.

ಡಿಸೆಂಬರಿನಲ್ಲಿ ಕಂಪ್ಯೂಟರ್ ಕೈಕೊಟ್ಟಿತು.
ಹಳೆಯ ತೂಕಕ್ಕಾಗಿ ಡಬ್ಬ ಮಗುಚಿದೆ,
ಕಳೆಯುವ ಲೆಕ್ಕ ಮಾಡಿ ಬಿಸಾಡದೆ ಉಳಿದ ಚೀಟಿಗಳು.
ಎಂಬತ್ತಮೂರು.
ಎಂಬತ್ತು.
ಎಪ್ಪತ್ತಾರು.
ಆವತ್ತಿನದು ಎಪ್ಪತ್ತೊಂದು.
ನಾಯಿ ಒಂದಿಷ್ಟೂ ಅಲ್ಲಾಡದೆ ನಿಂತ ಕಡೆ
ಮನುಷ್ಯ ಮೆಟ್ಟಿಲಿಳಿಯುತ್ತಿದ್ದ,
ನನ್ನದೇ ಕೈಬರಹದಲ್ಲಿ.

ತಲೆಯೆತ್ತಿದೆ. ಬೆಲ್ಟಿಗೆ ಮೊಳೆ ಹೊಡೆದು ಮಾಡಿದ ಹೊಸ ತೂತು.
ಜರ್ಸಿಯ ಕೊರಳಲ್ಲಿ ಇನ್ನೊಂದು ಕೊರಳಿಗೆ ಜಾಗ.

ಕೇಳುವ ಹಕ್ಕು ನನಗಿಲ್ಲ. ನಾನು ಓದಿದ್ದು
ಬಾಯಿಬಿಟ್ಟು ಹೇಳದವರ ಕಾಯಿಲೆ.
ಆಮೇಲೆ ಹೊಳೆಯಿತು: ಇವರೂ ಅದೇ ಜಾತಿ.

"ಊಟ ಸರಿಯಾಗಿ ಮಾಡುತ್ತಾ?" ಅಂದೆ, ನಾಯಿಯ ಕಡೆ ನೋಡದೆ.
"ಯಾರು?"
"ನೀರು ಜಾಸ್ತಿ ಕುಡಿಯುತ್ತಾ? ರಾತ್ರಿ ಏಳುತ್ತಾ?
ಮೆಟ್ಟಿಲು ಹತ್ತುವಾಗ ನಿಲ್ಲುತ್ತಾ?"
ವಾಟಿ ಸ್ಕೆರಿಯ ಕಿವಿಯನ್ನು ಮಡಿಸಿದರು, ಬಿಡಿಸಿದರು, ಮಡಿಸಿದರು.
ಹೊರಗೆ ಯಾವುದೋ ಟ್ರಾಲರು ಕೂಗಿತು,
ಅವರು ಅದರ ಹೆಸರು ಹೇಳಲಿಲ್ಲ, ಯಾವಾಗಲೂ ಹೇಳುವವರು.
"ನಿಲ್ಲುತ್ತದೆ," ಅಂದರು ಕೊನೆಗೆ. "ಎರಡನೇ ಮೆಟ್ಟಿಲಲ್ಲಿ."

ಪಂಜದ ಗುರುತಿರುವ ನೆನಪಿನ ಕಾರ್ಡು ತೆಗೆದೆ.
ಮುಂದಿನ ಭೇಟಿ: ಸೋಮವಾರ, ಹತ್ತೂವರೆ.
ವಿಳಾಸ ಎದುರು ಬೀದಿಯ ಡಾಕ್ಟರದು.
ಪ್ರಾಣಿಯ ಹೆಸರು ಎಂಬಲ್ಲಿ ಅವರ ಹೆಸರು.
ಓದಿದರು. ಕನ್ನಡಕ ಹಾಕಿಕೊಂಡು ಮತ್ತೆ ಓದಿದರು.
"ಅಲ್ಲಿ ಮಾತ್ರೆಯನ್ನು ಚೀಸಿನಲ್ಲಿ ಸುತ್ತಿ ಕೊಡ್ತಾರಾ?"
"ಕೇಳಿ ನೋಡಿ."

ನಮ್ಮ ಬಾಗಿಲಿನಿಂದ ರಸ್ತೆಗೆ ಮೂರೇ ಮೆಟ್ಟಿಲು.
ಸ್ಕೆರಿ ಮುಂದೆ ಹತ್ತಿತು, ಹಗ್ಗ ಸಡಿಲ.
ಎರಡನೆಯದರಲ್ಲಿ ತಾನಾಗಿ ನಿಂತು
ಸಮುದ್ರದ ಕಡೆ ಮುಖ ಮಾಡಿತು,
ಅಲ್ಲಿ ನೋಡುವುದೇನೋ ಇದೆ ಎಂಬ ಹಾಗೆ,
ಅವರ ಉಸಿರು ಮರಳುವ ತನಕ.